ಮಳೆಯಿಲ್ಲದ ನಾಡಿನಲ್ಲಿ ಗಾಲಿಯ ಗುರುತು

ಮರುಭೂಮಿ ಎಂದರೆ ಏನೂ ಇಲ್ಲದ ಜಾಗ ಎಂಬ ನಂಬಿಕೆ ನಮ್ಮ ವಿದ್ಯಾವಂತರಲ್ಲಿ ಬಹಳ ಆಳವಾಗಿ ಬೇರೂರಿದೆ. ಯಾರಾದರೂ ನಾಟಿಯಾದ ಗದ್ದೆಗೆ ಮೋಟಾರು ನುಗ್ಗಿಸಿದರೆ ಊರೇ ಎದ್ದು ನಿಲ್ಲುತ್ತದೆ. ದೇವಸ್ಥಾನದ ಅಂಗಳದಲ್ಲಿ ಚಕ್ರ ಉರುಳಿಸಿದರೆ ಕೇಳುವುದೇ ಬೇಡ. ಆದರೆ ದಾರಿಯೇ ಇಲ್ಲದ ಬಯಲಿನಲ್ಲಿ ಧೂಳೆಬ್ಬಿಸಿಕೊಂಡು ಓಡುವ ಜೀಪಿನ ಚಿತ್ರ ಪತ್ರಿಕೆಯ ಅರ್ಧ ಪುಟವನ್ನು ತುಂಬಿದ್ದರೆ, ನಾವು ಅದನ್ನು ಸಾಹಸವೆಂದು ಕರೆದು, ಕಾಫಿ ಕುಡಿಯುತ್ತ, ಮನಸ್ಸಿನಲ್ಲಿಯೇ ಒಂದು ಸುತ್ತು ಹೋಗಿಬರುತ್ತೇವೆ. ಗಾಡಿ ಮಾರುವವರು ಹಾಗೆ ಮಾಡಿದರೆ ಅವರ ಕಸುಬು ಎನ್ನಬಹುದು. ಪ್ರವಾಸ ಕಥನ ಬರೆಯುವ ಮಹನೀಯರೂ ಅದೇ ರಾಗ ಹಾಡುವುದು ನನಗೆ ಸೇರುವುದಿಲ್ಲ. ದಾರಿ ಬಿಟ್ಟು ಇಳಿದೆವು, ದಿಗಂತದವರೆಗೆ ನಮ್ಮದೇ ರಾಜ್ಯ, ತಡೆಯುವವರಿಲ್ಲ ಎಂಬ ಧಾಟಿಯ ವಾಕ್ಯಗಳಿಲ್ಲದ ಮರುಭೂಮಿ ಪ್ರವಾಸದ ಲೇಖನ ಈಚೆಗೆ ಅಪರೂಪ.

ಈ ವಾಕ್ಯಗಳ ಹಿಂದಿರುವುದು ಒಂದು ದೊಡ್ಡ ಅಜ್ಞಾನ. ಅದನ್ನು ತೋರಿಸಲು ದಕ್ಷಿಣ ಅಮೆರಿಕದ ಪೆರು ದೇಶದ ಕರಾವಳಿಗಿಂತ ಒಳ್ಳೆಯ ನಿದರ್ಶನ ಸಿಕ್ಕದು.

ಪೆರುವಿನ ರಾಜಧಾನಿ ಲೀಮಾದಿಂದ ಪ್ಯಾನ್ ಅಮೆರಿಕನ್ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಸುಮಾರು 250 ಕಿಲೋಮೀಟರು ಹೋದರೆ ಪರಾಕಾಸ್ ಎಂಬ ಭೂಶಿರ ಸಿಗುತ್ತದೆ. ಬಲಗಡೆ ಪೆಸಿಫಿಕ್ ಸಾಗರ. ಎಡಗಡೆ, ಎದುರಿಗೆ, ಕಾಲಕೆಳಗೆ ಎಲ್ಲ ಮರುಭೂಮಿ. ನಮ್ಮ ಪಡುವಣ ಕಡಲಿನ ದಂಡೆ ಕಂಡವರಿಗೆ ಈ ನೋಟ ಒಗಟಿನಂತೆ ತೋರುತ್ತದೆ: ಸಮುದ್ರ ಇಷ್ಟು ಹತ್ತಿರವಿದ್ದೂ ಒಂದು ಹುಲ್ಲುಕಡ್ಡಿ ಇಲ್ಲವೇ? ಕಾರಣ ಆ ಸಮುದ್ರವೇ. ದಕ್ಷಿಣದಿಂದ ಹರಿದುಬರುವ ಹಂಬೋಲ್ಟ್ ಎಂಬ ತಣ್ಣನೆಯ ಪ್ರವಾಹ ದಡಕ್ಕೆ ತಾಗಿಕೊಂಡು ಸಾಗುತ್ತದೆ. ತಣ್ಣೀರಿನ ಮೇಲಿನ ಗಾಳಿ ತಾನೂ ತಣ್ಣಗಾಗಿ ಕೆಳಗೇ ಉಳಿಯುತ್ತದೆ. ಮೇಲೇರಿದರೆ ತಾನೆ ಮೋಡ ಕಟ್ಟಿ ಮಳೆಯಾಗುವುದು? ಮಂಜು ಮಾತ್ರ ಬರುತ್ತದೆ. ಪೂರ್ವಕ್ಕೆ ಅಮೆಜಾನ್ ಕಾಡಿನ ಮೋಡಗಳನ್ನು ಆಂಡೀಸ್ ಪರ್ವತ ಆಚೆಯೇ ತಡೆದುಬಿಡುತ್ತದೆ. ಹೀಗಾಗಿ ವರ್ಷವಿಡೀ ಅಲ್ಲಿ ಬೀಳುವ ಮಳೆ ಕೆಲವೇ ಮಿಲಿಮೀಟರು. ನಮ್ಮ ಆಗುಂಬೆಯಲ್ಲಿ ಅದು ಏಳು ಸಾವಿರ ಮಿಲಿಮೀಟರನ್ನು ಮೀರುತ್ತದೆ ಎಂಬುದನ್ನು ಪಕ್ಕದಲ್ಲಿಟ್ಟುಕೊಂಡು ನೋಡಬೇಕು. ಪರಾಕಾಸ್ ಎಂಬ ಹೆಸರಿಗೆ ಆ ನಾಡಿನ ಕೆಚುವಾ ಭಾಷೆಯಲ್ಲಿ ‘ಮರಳಿನ ಮಳೆ’ ಎಂದು ಅರ್ಥ ಹೇಳುತ್ತಾರೆ. ಮಧ್ಯಾಹ್ನದ ಮೇಲೆ ಏಳುವ ಬಿರುಗಾಳಿಗೂ ಅದೇ ಹೆಸರು. ಆ ಊರಿಗೆ ತಿಳಿದ ಮಳೆ ಅದೊಂದೇ.

ಈ ಗಾಳಿ ಮತ್ತು ಆ ಕಡಲು ಸೇರಿ ಅಲ್ಲಿನ ಕಲ್ಲುಗಳನ್ನು ಕಡೆದಿವೆ. ದಡದ ಹಳದಿ ಬಂಡೆಗಳು ಪದರಪದರವಾಗಿ ನಿಂತಿವೆ. ಕೆಳಗಿನ ಮೆತ್ತನೆಯ ಪದರಗಳನ್ನು ಅಲೆ ತಿಂದು ಕಮಾನು, ಗವಿ, ಒಂಟಿ ಕಂಬಗಳನ್ನು ಮಾಡಿದೆ. ಒಂದೆಡೆ ಕೆಂಪು ಬಂಡೆ ಪುಡಿಯಾಗಿ ಕಡಲತೀರವೇ ಕುಂಕುಮ ಚೆಲ್ಲಿದಂತಿದೆ. ಒಳನಾಡಿಗೆ ಹೋದರೆ, ಇಕಾ ಪಟ್ಟಣದ ಸುತ್ತಿನ ಬಯಲಿನಲ್ಲಿ, ಗಾಳಿಯೊಂದೇ ಕೊರೆದ ಉದ್ದನೆಯ ದಿಬ್ಬಗಳು ಮಗುಚಿ ಹಾಕಿದ ದೋಣಿಗಳ ಹಾಗೆ ಒಂದೇ ದಿಕ್ಕಿಗೆ ಮುಖಮಾಡಿ ಸಾಲಾಗಿ ಮಲಗಿವೆ. ಇದನ್ನೆಲ್ಲ ನೋಡಬೇಕೆಂದು ಜನ ಮೋಟಾರಿನಲ್ಲಿ ಬರುವುದು ಸಹಜವೇ. ಬರಬೇಡಿ ಎಂದು ನಾನೂ ಹೇಳುವುದಿಲ್ಲ. 1975ರಲ್ಲಿ ಪರಾಕಾಸನ್ನು ರಕ್ಷಿತ ಪ್ರದೇಶವೆಂದು ಘೋಷಿಸಿದ ಸರ್ಕಾರವೂ ಹಾಗೆ ಹೇಳಿಲ್ಲ. ಒಳಗೆ ದಾರಿಗಳಿವೆ, ನಿಂತು ನೋಡುವ ತಾಣಗಳಿವೆ. ನನ್ನ ತಕರಾರು ಇರುವುದು ಗಾಲಿ ದಾರಿ ಬಿಟ್ಟು ಇಳಿಯುವ ಆ ಕ್ಷಣದ ಬಗ್ಗೆ ಮಾತ್ರ.

ಏಕೆಂದರೆ ಮಳೆಯಿಲ್ಲದ ನೆಲ ಏನನ್ನೂ ಮರೆಯುವುದಿಲ್ಲ. ನಮ್ಮ ಊರಿನ ಕೆಮ್ಮಣ್ಣಿನ ರಸ್ತೆಯಲ್ಲಿ ಗಾಡಿ ಹೂತು ಎಷ್ಟೇ ಆಳದ ಕೊರಕಲು ಬೀಳಲಿ, ಒಂದು ಆಷಾಢ ಕಳೆದರೆ ಅದು ಇತ್ತೆಂಬುದಕ್ಕೆ ಸಾಕ್ಷಿಯಿಲ್ಲ. ಆ ಅಭ್ಯಾಸದ ಮೇಲೆಯೇ ನಾವು ನೆಲವೆಂದರೆ ಮತ್ತೆ ಮತ್ತೆ ಒರೆಸಿ ಬರೆಯುವ ಹಲಗೆ ಎಂದು ತಿಳಿದಿದ್ದೇವೆ. ಪೆರುವಿನ ಬಯಲಿನಲ್ಲಿ ಒರೆಸುವವರು ಯಾರು? ಅಲ್ಲಿ ನೆಲದ ಮೇಲೆ ಸಣ್ಣ ಕಲ್ಲುಗಳ ಹಾಸೊಂದಿದೆ. ಸಾವಿರಾರು ವರ್ಷಗಳ ಬಿಸಿಲಿಗೂ ಮಂಜಿಗೂ ಮೈಯೊಡ್ಡಿ, ಕಬ್ಬಿಣ ಮತ್ತು ಮ್ಯಾಂಗನೀಸಿನ ತುಕ್ಕು ಹತ್ತಿ, ಕಪ್ಪುಮಿಶ್ರಿತ ಕೆಂಪು ಬಣ್ಣ ತಳೆದ ಕಲ್ಲುಗಳು ಅವು. ಅವುಗಳ ಕೆಳಗೆ ಬಿಳಿಚಿದ ಹಗುರ ಮಣ್ಣು. ಮೇಲಿನ ಕಲ್ಲು ಜರುಗಿದರೆ ಬಿಳಿ ಗೆರೆ ಮೂಡಿತು, ಮೂಡಿದ್ದು ಉಳಿಯಿತು.

ಎಷ್ಟು ಕಾಲ ಉಳಿಯಿತು ಎಂದು ಕೇಳುವವರು ಇನ್ನೂ ದಕ್ಷಿಣಕ್ಕೆ, ನಾಸ್ಕಾ ಬಯಲಿಗೆ ಹೋಗಿ ನೋಡಬೇಕು. ಜಗತ್ತೆಲ್ಲ ಬೆರಗಾಗಿ ನೋಡುವ ಹಮ್ಮಿಂಗ್ ಹಕ್ಕಿ, ಜೇಡ, ಕೋತಿಗಳ ಬೃಹತ್ ರೇಖಾಚಿತ್ರಗಳು ಈ ರೀತಿ ಕಲ್ಲು ಸರಿಸಿ ಮಾಡಿದವೇ. ಅವುಗಳಲ್ಲಿ ಬಹುಪಾಲಿಗೆ ವಯಸ್ಸು ಸುಮಾರು ಎರಡು ಸಾವಿರ ವರ್ಷ. ಕಲ್ಲಿನಲ್ಲಿ ಕೊರೆದದ್ದಲ್ಲ, ಗಾರೆ ಹಾಕಿದ್ದಲ್ಲ. ಬರಿಯ ಕೈಯಿಂದ ಕಲ್ಲು ಎತ್ತಿ ಪಕ್ಕಕ್ಕಿಟ್ಟದ್ದು. ಅಷ್ಟರಿಂದಲೇ ಅವು ಉಳಿದುಬಂದವು. ಈಗ ಎಣಿಸಿ ನೋಡಿ. ಕೈಯಿಂದ ಸರಿಸಿದ ಕಲ್ಲಿನ ಗೆರೆ ಎರಡು ಸಾವಿರ ವರ್ಷ ನಿಲ್ಲುವ ನೆಲದಲ್ಲಿ, ಎರಡು ಟನ್ ತೂಕದ ಗಾಡಿಯ ಟಯರು ಒತ್ತಿದ ಗೆರೆ ಎಷ್ಟು ಕಾಲ ನಿಲ್ಲಬೇಕು? ಚಿತ್ರವನ್ನು ಕಾಪಾಡಿದ ಬರವೇ ಗಾಲಿಯ ಗುರುತನ್ನೂ ಕಾಪಾಡುತ್ತದೆ. ಬರಕ್ಕೆ ಕಲೆ ಯಾವುದು, ಕೊಳೆ ಯಾವುದು ಎಂಬ ವಿವೇಚನೆಯಿಲ್ಲ.

ಇದು ಊಹೆಯ ಮಾತಲ್ಲ. 2018ರ ಜನವರಿಯಲ್ಲಿ ಒಬ್ಬ ಲಾರಿ ಚಾಲಕ ಹೆದ್ದಾರಿಯಿಂದ ಪಕ್ಕಕ್ಕಿಳಿದು ನಾಸ್ಕಾ ಬಯಲಿನಲ್ಲಿ ಗಾಡಿ ಓಡಿಸಿದ. ಮೂರು ರೇಖಾಚಿತ್ರಗಳ ಭಾಗಗಳ ಮೇಲೆ ಆಳವಾದ ಗುರುತು ಬಿತ್ತು. ಅದಕ್ಕೂ ಮೊದಲು, 2014ರ ಡಿಸೆಂಬರಿನಲ್ಲಿ, ಲೀಮಾದಲ್ಲಿ ಹವಾಮಾನ ಸಮ್ಮೇಳನ ನಡೆದಿದ್ದಾಗ, ಗ್ರೀನ್‌ಪೀಸ್ ಸಂಸ್ಥೆಯ ಕಾರ್ಯಕರ್ತರು ಹಮ್ಮಿಂಗ್ ಹಕ್ಕಿಯ ಪಕ್ಕದಲ್ಲಿ ಬಟ್ಟೆಯ ಅಕ್ಷರಗಳನ್ನು ಹಾಸಿ ಲೋಕಕ್ಕೆ ಸಂದೇಶ ಕೊಡಹೊರಟರು. ಭೂಮಿಯನ್ನು ಉಳಿಸಿ ಎಂದು ಹೇಳಬಂದವರ ಹೆಜ್ಜೆಗುರುತುಗಳು ಅಲ್ಲಿ ಉಳಿದವು. ಸಂಸ್ಥೆ ಕ್ಷಮೆ ಕೇಳಬೇಕಾಯಿತು. ಕಾಲ್ನಡಿಗೆಯ ಕೆಲವು ಮಂದಿಯಿಂದಲೇ ಇಷ್ಟು. ಸರ್ಕಾರಗಳೂ ಹಿಂದೆ ಬಿದ್ದಿಲ್ಲ: ಪ್ಯಾನ್ ಅಮೆರಿಕನ್ ಹೆದ್ದಾರಿಯನ್ನು ಹಾಕುವಾಗ ಅದೇ ಬಯಲಿನ ಹಲ್ಲಿಯ ಚಿತ್ರವನ್ನು ನಡುವೆ ಸೀಳಿಕೊಂಡು ರಸ್ತೆ ಸಾಗಿಸಿದರು. ನೆಲದ ಮೇಲೆ ನಿಂತವರಿಗೆ ಅಲ್ಲಿ ಹಲ್ಲಿಯಿದೆಯೆಂದು ಕಾಣುವುದಿಲ್ಲ. ಅವರಿಗೂ ಅಲ್ಲಿ ‘ಏನೂ ಇರಲಿಲ್ಲ.’

ಮಾರಿಯಾ ರೈಖೆ ಎಂಬ ಜರ್ಮನ್ ಗಣಿತಜ್ಞೆ 1940ರ ದಶಕದಲ್ಲಿ ಈ ಗೆರೆಗಳ ಅಧ್ಯಯನಕ್ಕೆ ತೊಡಗಿ, 1998ರಲ್ಲಿ ತೀರಿಕೊಳ್ಳುವವರೆಗೂ ಅವುಗಳನ್ನು ಬಿಟ್ಟು ಕದಲಲಿಲ್ಲ. ಪೊರಕೆ ಹಿಡಿದು ಗೆರೆ ಗುಡಿಸುತ್ತಿದ್ದ ಆಕೆಯನ್ನು ಕಂಡು ಊರಿನವರಿಗೆ ಮೊದಮೊದಲು ವಿಚಿತ್ರವೆನಿಸಿತಂತೆ. ಮುಂದೆ ಆಕೆ ಕಾವಲುಗಾರರನ್ನು ಇಟ್ಟದ್ದು ಯಾರಿಂದ ಕಾಪಾಡಲು? ಬಿರುಗಾಳಿಯಿಂದಲ್ಲ; ನೋಡಲು ಬಂದವರಿಂದ.

ಸಾಹಸಪ್ರಿಯರು ಇಲ್ಲಿ ಒಂದು ಮಾತು ತೆಗೆಯುತ್ತಾರೆ. ಮರಳು ದಿಬ್ಬದ ಮೇಲೆ ಬಿದ್ದ ಗುರುತು ಮಾರನೆಯ ದಿನ ಇರುವುದಿಲ್ಲ, ಗಾಳಿ ಒರೆಸಿಬಿಡುತ್ತದೆ ಎಂದು. ಒಪ್ಪಿದೆ. ಹಾರುವ ಮರಳು ಬೇರೆ, ಕೂತ ನೆಲ ಬೇರೆ. ಇಕಾದ ಬಳಿಯ ಹುವಾಕಚಿನಾ ಎಂಬ ಕೊಳದ ಸುತ್ತ ದೊಡ್ಡ ದೊಡ್ಡ ದಿಬ್ಬಗಳ ಮೇಲೆ ಪ್ರವಾಸಿಗರನ್ನು ಕಿರುಚಾಡಿಸುತ್ತ ಓಡುವ ಗಾಡಿಗಳಿವೆ. ಅವುಗಳ ಸದ್ದು ನನಗೆ ಹಿಡಿಸದಿದ್ದರೂ ಆ ಮರಳಿಗೆ ಹೆಚ್ಚಿನ ಕೇಡಿಲ್ಲ ಎನ್ನೋಣ. ಆದರೆ ಈ ವ್ಯತ್ಯಾಸವನ್ನು ಗಾಡಿ ಓಡಿಸುವವರಲ್ಲಿ ಎಷ್ಟು ಮಂದಿ ಬಲ್ಲರು? ದಿಬ್ಬ ಮುಟ್ಟುವ ಮೊದಲು ದಾಟಬೇಕಾದ ಕಲ್ಲುಹಾಸಿನ ಬಯಲು ಅವರ ಕಣ್ಣಿಗೆ ಬರಿಯ ಮೈದಾನ. ಅದೇ ಕರಾವಳಿಯ ಕೆಲವೆಡೆ ಬೇರಿನಿಂದ ನೀರು ಹೀರದೆ, ಮಂಜಿನ ತೇವವನ್ನೇ ಎಲೆಯಿಂದ ಕುಡಿದು ಬದುಕುವ ಬೂದುಬಣ್ಣದ ಸಣ್ಣ ಗಿಡಗಳು ಮರಳಿನ ಮೇಲೆ ಸುಮ್ಮನೆ ಕೂತಿರುತ್ತವೆ. ಓಡುವ ಗಾಡಿಯಿಂದ ನೋಡಿದರೆ ಒಣಗಿದ ಕಸ.

ನೆಲದ ಮೇಲಿನ ಕಥೆ ಇದಾದರೆ ಕೆಳಗಿನದು ಇನ್ನೂ ದೊಡ್ಡದು. ಇಕಾ ಮತ್ತು ಪಿಸ್ಕೋ ನಡುವಿನ ಈ ಮರುಭೂಮಿ ಒಂದು ಕಾಲದಲ್ಲಿ ಕಡಲತಳವಾಗಿತ್ತು. ಗಾಳಿ ಕೊರೆಯುತ್ತ ಹೋದಂತೆ ತಿಮಿಂಗಿಲಗಳ ಬೆನ್ನುಮೂಳೆಗಳು ಮೇಲೇಳುತ್ತವೆ. 2008ರಲ್ಲಿ ಅಲ್ಲಿ ದೊರೆತ ಒಂದು ತಲೆಬುರುಡೆ ಮೂರು ಮೀಟರು ಉದ್ದವಿತ್ತು. ಅದರ ಹಲ್ಲುಗಳು ಒಂದಡಿಗೂ ಮೀರಿದವು. ಸುಮಾರು ಒಂದು ಕೋಟಿ ವರ್ಷದ ಹಿಂದಿನ ಆ ಬೇಟೆಗಾರ ತಿಮಿಂಗಿಲಕ್ಕೆ ವಿಜ್ಞಾನಿಗಳು ‘ಮೊಬಿ ಡಿಕ್’ ಬರೆದ ಮೆಲ್ವಿಲ್ಲನ ಹೆಸರನ್ನೇ ಸೇರಿಸಿ ನಾಮಕರಣ ಮಾಡಿದರು. (ಕಾದಂಬರಿಕಾರನಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಯಾವ ಅಕಾಡೆಮಿ ಕೊಟ್ಟೀತು!) 2023ರಲ್ಲಿ ಅದೇ ಪ್ರಾಂತದ ಇನ್ನೊಂದು ಪ್ರಾಣಿಯನ್ನು ಲೋಕಕ್ಕೆ ಪರಿಚಯಿಸಿದರು; ಭೂಮಿಯ ಮೇಲೆ ಬದುಕಿದ್ದ ಅತಿ ಭಾರದ ಜೀವಿಗಳಲ್ಲಿ ಅದೂ ಒಂದಿರಬಹುದೆಂಬ ಚರ್ಚೆ ಎದ್ದಿತು. ಇಂಥ ಇನ್ನೆಷ್ಟೋ ಮೂಳೆಗಳು ಯಾವ ಪೆಟ್ಟಿಗೆಯಲ್ಲೂ ಇಲ್ಲ. ಅರ್ಧ ಹೂತು, ಅರ್ಧ ತೆರೆದು, ಬಯಲಿನಲ್ಲಿ ಬಿದ್ದಿವೆ.

ಇಂಥ ನೆಲದ ಮೇಲೆ ಡಾಕರ್ ರ್‍ಯಾಲಿ ಎಂಬ ಮೋಟಾರು ಪಂದ್ಯವನ್ನು ನಡೆಸಿದರು. ಆಫ್ರಿಕದಲ್ಲಿ ಭದ್ರತೆಯ ಭಯದಿಂದ 2008ರ ಪಂದ್ಯ ರದ್ದಾಗಿ, ಮರುವರ್ಷ ಅದು ದಕ್ಷಿಣ ಅಮೆರಿಕಕ್ಕೆ ಬಂತು. 2012, 2013, 2018ರಲ್ಲಿ ಪೆರುವಿನ ಮರುಭೂಮಿಯ ಮೇಲೆ ಹಾದು, 2019ರಲ್ಲಿ ಪೂರ್ತಿ ಪಂದ್ಯವೇ ಆ ಒಂದು ದೇಶದೊಳಗೆ ನಡೆಯಿತು. ಪ್ರಾಚ್ಯವಸ್ತು ಬಲ್ಲವರು, ಪಳೆಯುಳಿಕೆ ಬಲ್ಲವರು ಬೇಡವೆಂದರು. ದೇಶಕ್ಕೆ ಪ್ರಚಾರ ಸಿಗುತ್ತದೆ, ಹಣ ಬರುತ್ತದೆ ಎಂದು ಉತ್ತರ ಬಂತು. 2020ರಿಂದ ಪಂದ್ಯ ಸೌದಿ ಅರೇಬಿಯಕ್ಕೆ ಹೊರಟುಹೋಯಿತು. ಹಣ ಕೊಡುವವರು ಇನ್ನೊಂದು ಕಡೆ ಸಿಕ್ಕರೆ ಪ್ರಚಾರವೂ ಅಲ್ಲಿಗೇ ಹೋಗುತ್ತದೆ. ಗಾಲಿಯ ಗುರುತು ಮಾತ್ರ ಜೊತೆಗೆ ಹೋಗುವುದಿಲ್ಲ.

ಜೀವನೋಪಾಯದ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಪರಾಕಾಸಿನ ದೋಣಿಯವರಿಗೂ, ಅಡುಗೆಯವರಿಗೂ, ಬಾಡಿಗೆ ಗಾಡಿಯವರಿಗೂ ಪ್ರವಾಸಿಗರೇ ಅನ್ನ. ಆದರೆ ಆ ಪ್ರವಾಸಿ ಬರುವುದು ಇನ್ನೂ ಹಾಳಾಗದ ನೆಲವನ್ನು ನೋಡಲು. ಗೀಚುಗೀಚಾದ ಬಯಲನ್ನು ನೋಡಲು ಯಾರೂ ಲೀಮಾದಿಂದ ಐವತ್ತು ಹರದಾರಿ ಬರುವುದಿಲ್ಲ. ದಾರಿಯ ಮೇಲೆ ಗಾಡಿ ನಿಲ್ಲಿಸಿ, ಇಳಿದು, ತೋರಿಸಿಕೊಟ್ಟ ಕಡೆ ನಾಲ್ಕು ಹೆಜ್ಜೆ ನಡೆದರೆ ಯಾವ ಹೋಟೆಲಿನವನ ಅನ್ನಕ್ಕೂ ಕಲ್ಲು ಬೀಳದು.

ಇನ್ನು ಎಲ್ಲಕ್ಕಿಂತ ಜಾಣ ವಾದ ಒಂದಿದೆ. ಪರಾಕಾಸಿನ ದಂಡೆಯಲ್ಲಿ ‘ಕತೆದ್ರಾಲ್’, ಅಂದರೆ ದೊಡ್ಡ ಇಗರ್ಜಿ, ಎಂದು ಹೆಸರಾದ ಬಂಡೆಯಿತ್ತು. ಅಲೆಗಳು ಕೊರೆದ ಅದರ ಕಮಾನು ಇಗರ್ಜಿಯ ಒಳಚಾವಣಿಯಂತೆ ಡೊಂಕಾಗಿ ಏರಿ ನಿಂತಿತ್ತು. 2007ರ ಆಗಸ್ಟ್ 15ರಂದು ಭೂಕಂಪವಾಯಿತು. ಹತ್ತಿರದ ಪಿಸ್ಕೋ ಪಟ್ಟಣ ನೆಲಸಮವಾಯಿತು, ಐನೂರಕ್ಕೂ ಹೆಚ್ಚು ಜನ ಸತ್ತರು. ಆ ಕಮಾನೂ ಕುಸಿದು ಸಮುದ್ರಕ್ಕೆ ಬಿತ್ತು. ಈಗ ಉಳಿದಿರುವುದು ದಡದಿಂದ ದೂರವಾದ ಬಂಡೆಯ ತುಂಡು. ನೋಡಿ, ಪ್ರಕೃತಿಯೇ ಒಂದೆರಡು ನಿಮಿಷದಲ್ಲಿ ಇಷ್ಟು ಕೆಡವುವಾಗ ನಮ್ಮ ನಾಲ್ಕು ಗಾಲಿಗಳದ್ದೇನು ಮಹಾ ಎನ್ನುತ್ತಾರೆ. ಈ ತರ್ಕದಂತೆ, ಮನುಷ್ಯರು ಹೇಗೂ ಒಂದು ದಿನ ಸಾಯುವವರಾದ್ದರಿಂದ ಬೀದಿಯಲ್ಲಿ ಹೇಗೆ ಬೇಕಾದರೂ ಗಾಡಿ ಓಡಿಸಬಹುದು. ಕಮಾನನ್ನು ಕಟ್ಟಿದ್ದೂ ಕೆಡವಿದ್ದೂ ಅದೇ ಕಡಲು, ಅದೇ ನೆಲ. ಅವು ಇನ್ನೊಂದು ಕಮಾನನ್ನು ಆಗಲೇ ಕೊರೆಯುತ್ತಿರುತ್ತವೆ. ಟಯರು ಕೆಡಿಸಿದ ಕಲ್ಲುಹಾಸನ್ನು ಮತ್ತೆ ಹಾಸಿಕೊಡುವ ಕೈ ಯಾವುದು?

ಮನೆಯಲ್ಲಿ ಕೂತು ಬರೆಯುವವನಿಗೆ ಇಷ್ಟೆಲ್ಲ ಏಕೆ ಎಂದರೆ, ದೋಷ ನಮ್ಮ ಮನೆಗಳಲ್ಲಿಯೇ ಹುಟ್ಟುತ್ತಿದೆ. ನಮ್ಮ ನಗರಗಳ ಜನ ಈಗ ರಜೆಗೆ ದೂರ ದೂರ ಹೋಗಬಲ್ಲರು. ಪೆರುವಾಗದಿದ್ದರೆ ಜೈಸಲ್ಮೇರು, ಲಡಾಖು. ಹೋಗುವ ಮೊದಲು ಅವರು ಓದುವುದು ಇಂಥ ಪುಟಗಳನ್ನೇ. ಆದ್ದರಿಂದ ಪ್ರವಾಸ ಕಥನಕಾರರಲ್ಲಿಯೂ ಅವರ ಚಿತ್ರಗಳನ್ನು ಅಚ್ಚುಹಾಕುವ ಸಂಪಾದಕರಲ್ಲಿಯೂ ಒಂದು ವಿನಂತಿ. ಮುಂದಿನ ಸಲ ಬಯಲಿನ ಮೇಲೆ ಹೊಸ ಗಾಲಿಗುರುತು ಎಳೆದುಕೊಂಡು ನಿಂತ ಜೀಪಿನ ಚಿತ್ರ ಬಂದರೆ, ಚಾಲಕನ ಹೆಸರಿನ ಜೊತೆಗೆ ಅದು ಯಾವ ಜಾಗ, ಅಲ್ಲಿ ಗಾಡಿ ಇಳಿಸಲು ಅಪ್ಪಣೆ ಇತ್ತೇ, ಆ ನೆಲದಲ್ಲಿ ವರ್ಷಕ್ಕೆ ಎಷ್ಟು ಮಳೆ ಬೀಳುತ್ತದೆ ಎಂಬುದನ್ನೂ ಕೆಳಗೆ ಅಚ್ಚುಮಾಡಲಿ. ಮೂರು ಸಾಲು ಸಾಕು.