ಯಕೃತ್ತಿನ ಕೊಬ್ಬು, ಮಾರುಕಟ್ಟೆಯ ಸೂಜಿ

ಕುಡಿಯದವನಿಗೆ ಯಕೃತ್ತಿನ ಕಾಯಿಲೆ ಹೇಗೆ ಬಂದೀತು ಎಂದು ಕೇಳುವವರು ನಮ್ಮ ನಡುವೆ ಇಂದಿಗೂ ಇದ್ದಾರೆ. ಮದ್ಯ ಮುಟ್ಟದಿದ್ದರೂ ಮಧುಮೇಹವೋ ಬೊಜ್ಜೋ ಇರುವವರ ಯಕೃತ್ತಿನಲ್ಲಿ ಕೊಬ್ಬು ಸೇರುತ್ತದೆ. ಕೆಲವರಲ್ಲಿ ಅದು ಉರಿಯೂತವಾಗಿ, ಯಕೃತ್ತು ನಾರುಗಟ್ಟಿ, ಕೊನೆಗೆ ಸಿರೋಸಿಸ್ ಮುಟ್ಟುತ್ತದೆ. ನೋವಿಲ್ಲ, ಸುಳಿವಿಲ್ಲ, ತಿಳಿಯುವ ಹೊತ್ತಿಗೆ ಕಾಲ ಮೀರಿರುತ್ತದೆ.

ಈ ಕಾಯಿಲೆಗೆ ಈಗ ಮಧುಮೇಹದ ಔಷಧವೊಂದು ಒದಗಿದೆ. ಉಂಡೊಡನೆ ಕರುಳು ಸ್ರವಿಸುವ ಜಿಎಲ್‌ಪಿ-1 ಹಾರ್ಮೋನು ಇನ್ಸುಲಿನ್ ಹೆಚ್ಚಿಸಿ ಹಸಿವನ್ನು ತಗ್ಗಿಸುತ್ತದೆ. ಅದನ್ನು ಅನುಕರಿಸುವ ಸೆಮಗ್ಲುಟೈಡ್‌ಗೆ 2025ರ ಆಗಸ್ಟ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಯಕೃತ್ತಿನ ಚಿಕಿತ್ಸೆಗೂ ಒಪ್ಪಿಗೆ ನೀಡಿತು. ಆದರೆ ಆ ಒಪ್ಪಿಗೆ ಯಾರಿಗಾಗಿ? ಉರಿಯೂತದೊಂದಿಗೆ ಯಕೃತ್ತು ಮಧ್ಯಮ ಅಥವಾ ಹೆಚ್ಚಿನ ಮಟ್ಟದಲ್ಲಿ ನಾರುಗಟ್ಟಿದ, ಇನ್ನೂ ಸಿರೋಸಿಸ್ ತಲುಪದ ರೋಗಿಗಳಿಗಾಗಿ. ಕೊಬ್ಬು ಕಂಡ ಎಲ್ಲರಿಗಲ್ಲ.

ಇದೆಲ್ಲ ಬಹುರಾಷ್ಟ್ರೀಯ ಕಂಪನಿಗಳ ಹುನ್ನಾರ, ಹಾಗಲಕಾಯಿ ರಸವೇ ಸಾಕು ಎನ್ನುವ ಸ್ವದೇಶಿ ಪಂಡಿತರು ಒಂದು ಕಡೆ. 800 ಜನರನ್ನು 72 ವಾರ ಪರೀಕ್ಷಿಸಿದಾಗ, ಸೂಜಿ ಪಡೆದವರಲ್ಲಿ ಶೇಕಡಾ 63 ಮಂದಿಯ ಉರಿಯೂತ ಶಮನವಾಯಿತು. ಬರಿಯ ತೋರಿಕೆಯ ಸೂಜಿ ಪಡೆದವರಲ್ಲಿ ಶೇಕಡಾ 34. ಇದನ್ನು ಹುನ್ನಾರವೆಂದು ತಳ್ಳಿಹಾಕುವುದು ವಿಚಾರವಂತಿಕೆಯಲ್ಲ. ಇದೇ ಸಂಜೀವಿನಿ ಎಂದು ಸಾರುವ ವ್ಯಾಪಾರಿಗಳು ಇನ್ನೊಂದು ಕಡೆ. ನಾರುಗಟ್ಟುವಿಕೆ ತಗ್ಗಿದ್ದು ಶೇಕಡಾ 37 ಮಂದಿಯಲ್ಲಿ ಮಾತ್ರ, ತೋರಿಕೆಯ ಸೂಜಿಯವರಲ್ಲೂ ಶೇಕಡಾ 22 ಮಂದಿಯಲ್ಲಿ ಅದು ತಗ್ಗಿತು ಎಂಬುದನ್ನು ಅವರು ಹೇಳುವುದಿಲ್ಲ. ಸೂಜಿ ನಿಲ್ಲಿಸಿದರೆ ಇಳಿದ ತೂಕದ ಬಹುಪಾಲು ಮರಳುತ್ತದೆಂಬುದನ್ನೂ ಹೇಳುವುದಿಲ್ಲ.

2025ರ ಜೂನ್‌ನಲ್ಲಿ ತೂಕ ಇಳಿಸುವ ಸೆಮಗ್ಲುಟೈಡ್ ಭಾರತಕ್ಕೆ ಬಂದಾಗ ತಿಂಗಳ ಬೆಲೆ 17,000 ರೂಪಾಯಿ ಮೀರಿತ್ತು. ಆ ವರ್ಷವೇ ಬೆಲೆ ಇಳಿಯಿತು. ಪೇಟೆಂಟಿನ ಗಡುವು 2026ರ ಮಾರ್ಚ್. ಅಗ್ಗವಾಗುವುದು ಸ್ವಾಗತಾರ್ಹವೇ. ಆದರೆ ಅಗ್ಗದ ಸೂಜಿ ಮೊದಲು ತಲುಪುವುದು ಯಾರನ್ನು? ಮದುವೆಗೆ ಮೊದಲು ಸೊಂಟ ಕರಗಿಸಬೇಕೆನ್ನುವ ಉಳ್ಳವರನ್ನೋ, ಹದಿನಾಲ್ಕು ಗಂಟೆ ಹೋಟೆಲಿನ ಒಲೆಯ ಮುಂದೆ ನಿಂತು, ಹೊತ್ತುಮೀರಿ ಅನ್ನ ಉಂಡು ಮಲಗುವ ನಮ್ಮ ಮಧುಮೇಹಿಯನ್ನೋ?

ಯಾರಿಗೆ ಔಷಧ ಬೇಕೆಂದು ಅರಿಯುವ ಮೊದಲ ಮೆಟ್ಟಿಲು ದುಬಾರಿಯಲ್ಲ. ವಯಸ್ಸು, ಎರಡು ಯಕೃತ್ ಕಿಣ್ವಗಳು, ಪ್ಲೇಟ್‌ಲೆಟ್ ಎಣಿಕೆ ಇವಿಷ್ಟರಿಂದ ಫಿಬ್-4 ಎಂಬ ಅಂಕ ದೊರೆಯುತ್ತದೆ. ಅದು 1.3ಕ್ಕಿಂತ ಕಡಿಮೆಯಿದ್ದರೆ ಯಕೃತ್ತು ಹೆಚ್ಚು ನಾರುಗಟ್ಟಿರುವ ಸಂಭವ ಕಡಿಮೆ. ಹೆಚ್ಚಿದ್ದರೆ ಮುಂದಿನ ತಪಾಸಣೆ ಬೇಕು. ಕೇಂದ್ರ ಸರ್ಕಾರ 2021ರಲ್ಲೇ ಈ ಕಾಯಿಲೆಯನ್ನು ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು. ಕಾಗದದ ಮೇಲಿನ ಆ ಮಾತು ನಮ್ಮ ಬೀದಿಗೆ ಇಳಿಯಬೇಡವೇ?

ಹೊರನಾಡಿನ ಸಂಘಗಳು ರಾಜ್ಯೋತ್ಸವದ ಶಿಬಿರಗಳಲ್ಲಿ ಸಕ್ಕರೆ, ರಕ್ತದೊತ್ತಡ ನೋಡಿ ಕೈತೊಳೆದುಕೊಂಡರೆ ಸಾಲದು. ಮಧುಮೇಹ ಕಂಡವರಿಗೆಲ್ಲ ಈ ಲೆಕ್ಕವನ್ನೂ ಹಾಕಿಸಲಿ. ಶೇಕಡಾ 7ರಿಂದ 10ರಷ್ಟು ತೂಕ ಇಳಿದರೆ ಯಕೃತ್ತು ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆಂದು ಕನ್ನಡದಲ್ಲೇ ತಿಳಿಹೇಳಲಿ. ಆಳುಗಳಿಗೆ ಹೊತ್ತಿಗೆ ಸರಿಯಾದ ಊಟ, ವಾರದ ರಜೆ ಕೊಡುವಂತೆ ಸಂಘದ ವೇದಿಕೆಯಲ್ಲಿ ಹಾರ ಹಾಕಿಸಿಕೊಳ್ಳುವ ಮಾಲೀಕರನ್ನು ಕೇಳುವ ಧೈರ್ಯ ತೋರಲಿ.

ಸೂಜಿ ಬೇಡವೆಂಬುದು ನಮ್ಮ ವಾದವಲ್ಲ. ಅದು ಬೇಕಾದವನ ತೋಳಿಗೆ ಬರಲಿ, ಬೇಡದವನ ಜೇಬಿಗೆ ಕನ್ನ ಹಾಕದಿರಲಿ ಎಂಬುದಷ್ಟೇ.