ಗಾಳ ಇರಲಿ, ವಿಷ ಬೇಡ

ಬೇಸಗೆ ಬಂತೆಂದರೆ ನಮ್ಮ ಹೊಳೆಗಳ ಬದಿಯಲ್ಲಿ ಗಾಳ ಹಿಡಿದು ಕುಳಿತವರ ಸಾಲು ಕಾಣಸಿಗುತ್ತದೆ. ಶಾಲೆಗೆ ರಜೆ ಸಿಕ್ಕಿದ ಮಕ್ಕಳು, ಕೆಲಸವಿಲ್ಲದ ದಿನ ನೋಡಿ ಬಂದ ಕೂಲಿಕಾರರು, ಊರಿಗೆ ಬಂದ ನೆಂಟರು ಎಲ್ಲರೂ ಅಲ್ಲಿರುತ್ತಾರೆ. ಕೇರಳದ 44 ನದಿಗಳಲ್ಲಿ 12 ನಮ್ಮ ಕಾಸರಗೋಡು ಜಿಲ್ಲೆಯಲ್ಲೇ ಹರಿಯುತ್ತವೆ. ಮಂಜೇಶ್ವರ, ಉಪ್ಪಳ, ಶಿರಿಯ, ಕುಂಬಳೆ, ಮೊಗ್ರಾಲ್, ಚಂದ್ರಗಿರಿ ಎಂದು ಹೆಸರು ಹೇಳುತ್ತಾ ಹೋದರೆ ನಮ್ಮ ಊರುಗಳ ಹೆಸರನ್ನೇ ಹೇಳಿದಂತಾಗುತ್ತದೆ. ಇಂತಹ ನಾಡಿನಲ್ಲಿ ಹೊಳೆಯ ಮೀನು ಬಡವನ ಬಟ್ಟಲಿಗೆ ದೇವರು ಕೊಟ್ಟ ಪಾಲು. ಅದನ್ನು ಬೇಡವೆನ್ನಲು ಯಾರಿಗೂ ಅಧಿಕಾರವಿಲ್ಲ.

ಈ ಮೀನುಗಳಲ್ಲೆಲ್ಲ ಗಾಳದವರಿಗೆ ಅಚ್ಚುಮೆಚ್ಚಿನದು ಕಾಳಾಂಜಿ. ಇಂಗ್ಲಿಷಿನವರು ಇದನ್ನೇ ಸೀ ಬಾಸ್ ಎನ್ನುತ್ತಾರೆ. ಬೇಸಗೆಯಲ್ಲಿ ಮೇಲಿನಿಂದ ಬರುವ ಸಿಹಿನೀರು ಕ್ಷೀಣಿಸಿದಾಗ ಸಮುದ್ರದ ಉಪ್ಪುನೀರು ಅಳಿವೆಯಿಂದ ಒಳಗೆ ಏರುತ್ತದೆ. ಅದರ ಬಿಸಿ ಕಾಸರಗೋಡು ಪಟ್ಟಣದವರಿಗೆ ಹೇಳಿಕೊಡಬೇಕಾಗಿಲ್ಲ. ಬಾವಿಕ್ಕೆರೆಯಲ್ಲಿ ಶಾಶ್ವತ ಅಣೆಕಟ್ಟು ಆಗುವವರೆಗೆ ಬೇಸಗೆ ಬೇಸಗೆಗೂ ನಳ್ಳಿಯಲ್ಲಿ ಉಪ್ಪುನೀರು ಕುಡಿದವರು ಅವರು. ಆ ಉಪ್ಪುನೀರಿನೊಂದಿಗೆ ಸಿಗಡಿಯೂ ಸಣ್ಣ ಮೀನುಗಳೂ ಮೇಲೇರುತ್ತವೆ, ಅವುಗಳ ಬೆನ್ನಿಗೆ ಕಾಳಾಂಜಿಯೂ ಬರುತ್ತದೆ. ನೀರು ಬತ್ತಿದಂತೆ ಆಳವಾದ ಗುಂಡಿಗಳಲ್ಲಿ ಮೀನು ಒಟ್ಟಾಗುತ್ತದೆ. ಬೇಸಗೆಯ ಗಾಳಕ್ಕೆ ಮೀನು ಬೀಳುವ ಗುಟ್ಟು ಇದೇ. ಬೇಸಗೆಯಲ್ಲಿ ಹೊಳೆಯ ಮೀನಿಗೆ ಬರುವ ಗಂಡಾಂತರದ ಗುಟ್ಟೂ ಇದೇ.

ಏಕೆಂದರೆ ಒಂದೇ ಗುಂಡಿಯಲ್ಲಿ ಒಟ್ಟಾದ ಮೀನನ್ನು ಒಂದೇ ರಾತ್ರಿಯಲ್ಲಿ ಬಾಚಿಕೊಳ್ಳುವ ದುರಾಸೆಯೂ ಇದೇ ಕಾಲದಲ್ಲಿ ತಲೆಯೆತ್ತುತ್ತದೆ. ತೋಟೆ ಹಾಕುವುದು, ಬ್ಲೀಚಿಂಗ್ ಪುಡಿ ಕದಡುವುದು, ತೋಟಕ್ಕೆ ತಂದ ಕೀಟನಾಶಕವನ್ನು ನೀರಿಗೆ ಸುರಿಯುವುದು, ಇವು ಕೇಳರಿಯದ ಸಂಗತಿಗಳಲ್ಲ. ಗಾಳ ಒಂದು ಮೀನನ್ನು ಹಿಡಿಯುತ್ತದೆ, ಬೀಸುಬಲೆ ಹತ್ತನ್ನು ಹಿಡಿಯುತ್ತದೆ. ವಿಷ ಮಾತ್ರ ಮೀನನ್ನು ಹಿಡಿಯುವುದಿಲ್ಲ, ಹೊಳೆಯನ್ನೇ ಕೊಲ್ಲುತ್ತದೆ. ಹೆಕ್ಕಿದ ಮೀನಿಗಿಂತ ಹೆಕ್ಕದೆ ಕೊಳೆತುಹೋಗುವ ಮರಿ, ಮೊಟ್ಟೆ, ಏಡಿ, ಸಿಗಡಿಗಳ ಲೆಕ್ಕವೇ ದೊಡ್ಡದು.

ಹಿರಿಯರೂ ಕಾರೆಕಾಯಿ ಜಜ್ಜಿ ಹಾಕುತ್ತಿರಲಿಲ್ಲವೇ ಎಂದು ಕೆಲವರು ಕೇಳಬಹುದು. ಹಾಕುತ್ತಿದ್ದರು, ನಿಜ. ಕಾಯಿಯ ರಸಕ್ಕೆ ಮೀನು ಅಮಲೇರಿ ತೇಲುತ್ತಿತ್ತು. ಅಂಗಡಿಯಿಂದ ಬಂದ ಡಬ್ಬಿಯ ವಿಷವನ್ನು ಅದರೊಂದಿಗೆ ಹೋಲಿಸುವುದು ಅವಿವೇಕ. ಅದನ್ನು ಸುರಿದ ನೀರನ್ನೇ ಕೆಳಗಿನ ಊರಿನವರು ಕುಡಿಯುತ್ತಾರೆ, ದನಗಳಿಗೆ ಕುಡಿಸುತ್ತಾರೆ, ಅಡಿಕೆ ತೋಟಕ್ಕೆ ಹಾಯಿಸುತ್ತಾರೆ ಎಂಬುದನ್ನು ಮರೆಯಬಾರದು.

ವಿಷವೆಂದರೇನೆಂದು ಲೋಕಕ್ಕೆ ಹೇಳಬೇಕಾದ ದುರ್ಗತಿ ಬಂದ ಜಿಲ್ಲೆ ನಮ್ಮದು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ವರ್ಷಗಳನ್ನು ಎಣ್ಮಕಜೆಯ ಪಡ್ರೆಯವರು ಮರೆತಿಲ್ಲ. ಮೀನಿನ ಪಾಲಿಗಂತೂ ಅದು ಘೋರ ವಿಷ. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೇ ಅದನ್ನು ತಡೆಯುವಲ್ಲಿಯವರೆಗೆ ಈ ಜಿಲ್ಲೆಯ ತಾಯಂದಿರು ಪಟ್ಟ ಪಾಡು ಎಲ್ಲರಿಗೂ ಗೊತ್ತು. ಬೇರೆಯವರು ಸುರಿದ ವಿಷದ ವಿರುದ್ಧ ಅಷ್ಟು ಹೋರಾಡಿದ ನಾವೇ ನಮ್ಮ ಕೈಯಾರೆ ಹೊಳೆಗೆ ವಿಷ ಹಾಕಿದರೆ, ಅಥವಾ ಹಾಕುವುದನ್ನು ಕಂಡೂ ಕಾಣದಂತಿದ್ದರೆ, ಆ ಹೋರಾಟಕ್ಕೆ ಏನು ಅರ್ಥ?

ಕಾಳಾಂಜಿಯ ಬಾಳು ವಿಚಿತ್ರವಾದದ್ದು. ಮೊದಲು ಗಂಡಾಗಿ ಬೆಳೆದು, ಕೆಲವು ವರ್ಷಗಳ ಮೇಲೆ ದೊಡ್ಡದಾದಾಗ ಅದೇ ಮೀನು ಹೆಣ್ಣಾಗುತ್ತದೆ. ಮಳೆಗಾಲದಲ್ಲಿ ಅದು ಅಳಿವೆಯ ಕಡೆಗಿಳಿದು ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ. ಉಬ್ಬರದೊಂದಿಗೆ ಒಳಗೆ ಬಂದ ಮರಿಗಳು ಹಿನ್ನೀರಿನ ಕಾಂಡ್ಲಾ ಗಿಡಗಳ ಬೇರುಗಳ ನಡುವೆ ಅಡಗಿ ಬೆಳೆಯುತ್ತವೆ. ಹಾಗಾಗಿ ಬೇಸಗೆಯ ಗುಂಡಿಯಲ್ಲಿ ಉಳಿದ ಮೀನೆಂದರೆ ಮುಂದಿನ ಮಳೆಗಾಲದ ಬಿತ್ತನೆಯ ಬೀಜ. ಅದನ್ನು ಬುಡಸಹಿತ ಕೊಲ್ಲುವವನು ಬೀಜದ ಭತ್ತವನ್ನು ಕುಟ್ಟಿ ಗಂಜಿ ಕುಡಿದವನಿಗೆ ಸಮಾನ. ಮದ್ರಾಸಿನ ಕೇಂದ್ರೀಯ ಉಪ್ಪುನೀರು ಜಲಕೃಷಿ ಸಂಸ್ಥೆಯ ವಿಜ್ಞಾನಿಗಳು 1997ರಲ್ಲಿ ಕಾಳಾಂಜಿಯನ್ನು ತೊಟ್ಟಿಯಲ್ಲಿಯೇ ಮರಿ ಮಾಡಿಸಿ ತೋರಿಸಿದ್ದು ಸಂತೋಷದ ವಿಷಯ. ಆದರೆ ತೊಟ್ಟಿಯ ಮರಿಯನ್ನು ಹಣ ಕೊಟ್ಟು ತರಬೇಕು. ಹೊಳೆಯ ಮರಿ ತಾನಾಗಿ ಬರುತ್ತದೆ, ಬರಲು ಬಿಟ್ಟರೆ.

ಕಾನೂನು ಇಲ್ಲವೆಂದಲ್ಲ. 1897ರಷ್ಟು ಹಿಂದೆಯೇ ಭಾರತೀಯ ಮೀನುಗಾರಿಕಾ ಕಾಯಿದೆ ಸಿಡಿಮದ್ದಿನಿಂದಲೂ ವಿಷದಿಂದಲೂ ಮೀನು ಕೊಲ್ಲುವುದನ್ನು ಅಪರಾಧವೆಂದು ಸಾರಿತು. ಕೇರಳದ 2010ರ ಒಳನಾಡು ಮೀನುಗಾರಿಕಾ ಕಾಯಿದೆಯೂ ಇಂತಹ ವಿಧಾನಗಳನ್ನು ನಿಷೇಧಿಸಿದೆ. ಆದರೆ ತಿರುವನಂತಪುರದಲ್ಲಿ ಬರೆದ ಕಾಯಿದೆ ಶಿರಿಯ ಹೊಳೆಯ ಕಡವಿಗೆ ತಲಪಬೇಕಾದರೆ ಅದು ಅಲ್ಲಿಯ ಜನರ ಭಾಷೆಯಲ್ಲಿ ಬರಬೇಕು. ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಕನ್ನಡ ಮಾತ್ರ ಓದಬಲ್ಲ ಹಿರಿಯರಿರುವ ಮನೆಗಳು ಎಷ್ಟೋ ಇವೆ. ಓದಲಾಗದ ಫಲಕವೊಂದು ಕಡವಿನಲ್ಲಿ ನಿಂತರೆ ಅದು ಕಾಗೆ ಕುಳಿತುಕೊಳ್ಳಲು ಉಪಯೋಗವಾದೀತೇ ಹೊರತು ಮೀನನ್ನು ಉಳಿಸಲಾರದು. ಮಲಯಾಳದೊಂದಿಗೆ ಕನ್ನಡದಲ್ಲಿಯೂ ಫಲಕ ಹಾಕಬೇಕು, ದೂರು ಕೊಡಬೇಕಾದ ಕಚೇರಿಯ ವಿಳಾಸವನ್ನು ಅದರಲ್ಲಿ ಬರೆಯಬೇಕು ಎಂದು ಪಂಚಾಯತುಗಳನ್ನೂ ಮೀನುಗಾರಿಕಾ ಇಲಾಖೆಯನ್ನೂ ನಾವು ಒತ್ತಾಯಿಸುತ್ತೇವೆ. ದೂರನ್ನು ಕನ್ನಡದಲ್ಲೇ ಬರೆಯಲು ಯಾರೂ ಅಳುಕಬೇಕಾಗಿಲ್ಲ. ಸಂವಿಧಾನದ 350ನೆಯ ವಿಧಿ ಆ ಹಕ್ಕನ್ನು ನಮಗೆ ಕೊಟ್ಟಿದೆ.

ಸರಕಾರವನ್ನು ಕೇಳುವುದರೊಂದಿಗೆ ನಮ್ಮ ಪಾಲಿನ ಕರ್ತವ್ಯವೂ ಇದೆ. ಊರೂರಿನ ಯುವಕ ಸಂಘಗಳು ಎಪ್ರಿಲ್, ಮೇ ತಿಂಗಳುಗಳಲ್ಲಿ ತಮ್ಮ ಹೊಳೆಯ ಗುಂಡಿಗಳ ಮೇಲೆ ಒಂದು ಕಣ್ಣಿಡಲಿ. ಗಾಳದವರು ಒಂದು ಮೊಳಕ್ಕಿಂತ ಕಿರಿದಾದ ಕಾಳಾಂಜಿಯನ್ನು ಗಾಳ ಬಿಡಿಸಿ ನೀರಿಗೇ ಹಾಕಲಿ. ದೊಡ್ಡದು ಸಿಕ್ಕಿದರೂ ಬಿಡಿ ಎಂದು ಹೊಟ್ಟೆಪಾಡಿನವನಿಗೆ ಹೇಳುವಷ್ಟು ಕಠಿಣ ಹೃದಯ ನಮಗಿಲ್ಲ. ಆದರೆ ಮೋಜಿಗಾಗಿ ಗಾಳ ಹಿಡಿದವರು ಹಾಗೆ ಬಿಟ್ಟರೆ ಅದಕ್ಕಿಂತ ದೊಡ್ಡಸ್ತಿಕೆ ಬೇರೊಂದಿಲ್ಲ.

ನಮ್ಮ ಮಕ್ಕಳಿಗೆ ಭಾಷೆಯನ್ನು ಉಳಿಸಿಕೊಡಬೇಕೆಂದು ನಾವು ಸಭೆಗಳಲ್ಲಿ ಮಾತನಾಡುತ್ತೇವೆ. ಆ ಭಾಷೆಯಲ್ಲಿ ಹೆಸರಿಟ್ಟು ಕರೆಯಲು ಹೊಳೆಯೂ ಹೊಳೆಯಲ್ಲಿ ಮೀನೂ ಉಳಿಯಬೇಕಷ್ಟೆ. ಬರುವ ಬೇಸಗೆಯಲ್ಲಿ ನಮ್ಮ ಕಡವುಗಳಲ್ಲಿ ಗಾಳ ಹಿಡಿದ ಮಕ್ಕಳ ಸಾಲು ಕಾಣಲಿ, ಹೊಟ್ಟೆ ಮೇಲಾಗಿ ತೇಲುವ ಮೀನಿನ ಸಾಲು ಕಾಣದಿರಲಿ.