ಬಡತನವೇ ಹಿರಿತನದ ಗುರುತು

ಮರದ ವಯಸ್ಸನ್ನು ಕಾಂಡದ ಉಂಗುರಗಳು ತಿಳಿಸುತ್ತವೆ. ನಕ್ಷತ್ರದ ವಯಸ್ಸನ್ನು ತಿಳಿಯುವ ಬಗೆ ಹೇಗೆ? ಅದರಲ್ಲಿ ಏನಿದೆ ಎಂಬುದಕ್ಕಿಂತ ಏನಿಲ್ಲವೆಂಬುದನ್ನು ನೋಡಬೇಕೆನ್ನುತ್ತಾರೆ ಖಗೋಳಶಾಸ್ತ್ರಜ್ಞರು.

ಸುಮಾರು 1,380 ಕೋಟಿ ವರ್ಷಗಳ ಹಿಂದೆ ವಿಶ್ವವು ಉದಯಿಸಿದಾಗ ಇದ್ದುದು ಜಲಜನಕ, ಹೀಲಿಯಂ ಮತ್ತು ಲೇಶಮಾತ್ರ ಲಿಥಿಯಂ. ಇಂಗಾಲ, ಕ್ಯಾಲ್ಸಿಯಂ, ಕಬ್ಬಿಣ ಮೊದಲಾದುವು ಅನಂತರ ನಕ್ಷತ್ರಗಳ ಒಡಲಿನಲ್ಲಿ ಬೆಂದು ಸಿದ್ಧವಾದುವು. ಹೀಲಿಯಂಗಿಂತ ಭಾರವಾದ ಇವೆಲ್ಲಕ್ಕೂ ಖಗೋಳಶಾಸ್ತ್ರದಲ್ಲಿ 'ಲೋಹ'ವೆಂದೇ ಹೆಸರು. ಭಾರಿ ನಕ್ಷತ್ರಗಳು ಸಿಡಿದು ಸತ್ತಾಗ ಈ ಲೋಹಗಳು ಸುತ್ತಲೂ ಚೆಲ್ಲಿ ಮುಂದಿನ ಪೀಳಿಗೆಗೆ ಬಳುವಳಿಯಾದುವು. ಆದುದರಿಂದ ಲೋಹದಲ್ಲಿ ಅತಿ ಬಡವಾದ ನಕ್ಷತ್ರವೇ ಅತಿ ಹಿರಿಯದೆಂದು ಭಾವಿಸಬಹುದು. ಸೂರ್ಯನಿಗಿಂತ ಲೋಹ ಬಹಳ ಕಡಮೆಯಿರುವ ಎರಡು ನಕ್ಷತ್ರಗಳನ್ನು 1951ರಲ್ಲಿಯೇ ಅಮೆರಿಕದ ಚೇಂಬರ್ಲೇನ್ ಮತ್ತು ಆಲರ್ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟರು.

ಆದರೆ ಕೋಟ್ಯಂತರ ನಕ್ಷತ್ರಗಳ ಬೆಳಕನ್ನು ಒಂದೊಂದಾಗಿ ಬಿಡಿಸಿ ನೋಡಲು ಆಯುಷ್ಯ ಸಾಲದು. ಇಲ್ಲಿ ಬಣ್ಣವೇ ಜರಡಿಯಾಯಿತು. ನಕ್ಷತ್ರದಲ್ಲಿರುವ ಕ್ಯಾಲ್ಸಿಯಂ ನೇರಿಳೆ ಬೆಳಕನ್ನು ಹೀರುತ್ತದೆ. ಅದು ಕಡಮೆಯಿದ್ದಲ್ಲಿ ನೇರಿಳೆ ಬೆಳಕು ಹೆಚ್ಚಾಗಿ ಹೊರಬರುತ್ತದೆ. ಆಸ್ಟ್ರೇಲಿಯದ ಸೈಡಿಂಗ್ ಸ್ಪ್ರಿಂಗ್ ವೀಕ್ಷಣಾಲಯದಲ್ಲಿರುವ 'ಸ್ಕೈಮ್ಯಾಪರ್' ದೂರದರ್ಶಕವು ಆರು ಬಣ್ಣಗಳ ಶೋಧಕಗಳ ಮೂಲಕ ದಕ್ಷಿಣಾಕಾಶದ ಚಿತ್ರ ತೆಗೆಯಿತು. ಅವುಗಳಲ್ಲೊಂದು ಈ ನೇರಿಳೆಯನ್ನು ಅಳೆಯಲೆಂದೇ ಸಿದ್ಧಪಡಿಸಿದುದು.

ಜರಡಿಯಲ್ಲಿ ಉಳಿದ ನಕ್ಷತ್ರಗಳಿಗೆ ಇನ್ನೊಂದು ಪರೀಕ್ಷೆಯಿದೆ. ಬೆಳಕನ್ನು ವರ್ಣಪಟಲವಾಗಿ ಹರಡಿದರೆ ಒಂದೊಂದು ಧಾತುವೂ ತನ್ನದೇ ಆದ ಕಪ್ಪು ಗೆರೆಗಳನ್ನು ಮೂಡಿಸುತ್ತದೆ. ಹೀಗೆ ಆರಿಸಿದ ಒಂದು ನಕ್ಷತ್ರದತ್ತ ಚಿಲಿ ದೇಶದ 6.5 ಮೀಟರ್ ಮೆಗೆಲನ್ ದೂರದರ್ಶಕವನ್ನು ತಿರುಗಿಸಿದಾಗ ಇಂಗಾಲ, ಮೆಗ್ನೀಷಿಯಂ, ಕ್ಯಾಲ್ಸಿಯಂಗಳ ಗುರುತು ದೊರೆಯಿತು. ಕಬ್ಬಿಣದ ಗೆರೆ ಮಾತ್ರ ಕಾಣಲೇ ಇಲ್ಲ! ಸೂರ್ಯನಲ್ಲಿರುವುದರ ಹತ್ತು ಲಕ್ಷದಲ್ಲೊಂದು ಪಾಲಿನಷ್ಟು ಕಬ್ಬಿಣವೂ ಅದರಲ್ಲಿಲ್ಲವೆಂದು ಸ್ಟೀಫನ್ ಕೆಲ್ಲರ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದರು. ಮೊದಲ ಪೀಳಿಗೆಯ ಒಂದೇ ಒಂದು ನಕ್ಷತ್ರದ ಬೂದಿಯಿಂದ ಇದು ಹುಟ್ಟಿರಬೇಕು; ಅದರ ಕಬ್ಬಿಣವೆಲ್ಲ ಹೊರಚೆಲ್ಲದೆ ಕಪ್ಪುಕುಳಿಯ ಪಾಲಾಗಿರಬೇಕೆಂಬುದು ಅವರ ಊಹೆ.

ಹಾಗಾದರೆ ಇದು ಮೊಮ್ಮಗನಲ್ಲದಿದ್ದರೂ ಮಗನೇ ಸರಿ, ಮೂಲಪುರುಷನಲ್ಲ. ಲೋಹದ ಸೋಂಕೇ ಇಲ್ಲದ ನಕ್ಷತ್ರವೊಂದೂ ಇದುವರೆಗೆ ಸಿಕ್ಕಿಲ್ಲ. ಭಾರಿ ನಕ್ಷತ್ರಗಳು ಅಲ್ಪಾಯುಗಳು. ಸೂರ್ಯನಿಗಿಂತ ಸಣ್ಣವು ವಿಶ್ವದ ವಯಸ್ಸನ್ನೂ ಮೀರಿ ಬದುಕಬಲ್ಲವು. ಮೊದಲ ಪೀಳಿಗೆಯಲ್ಲಿ ಅಂತಹ ಸಣ್ಣವು ಹುಟ್ಟಿದ್ದರೆ ಇಂದಿಗೂ ಉರಿಯುತ್ತಿರಬೇಕು. ಹುಡುಕಿದಷ್ಟೂ ಸಿಗದಿದ್ದರೆ, ವಿಶ್ವದ ಚೊಚ್ಚಲ ದೀಪಗಳೆಲ್ಲವೂ ಭಾರಿಯಾಗಿದ್ದು, ಬೇಗನೆ ಉರಿದು ಆರಿಹೋದುವೆಂದೇ ತಿಳಿಯಬೇಕಾಗುತ್ತದೆ.